ಗಾಳದ ಕೋಲು ಮುರಿದರೆ ದುಡ್ಡು ಕೊಡುವವರು ಯಾರು? ಇಂಗ್ಲೆಂಡಿನ ಕಾಲುವೆ ಜಗಳದ ಒಳಸುಳಿ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾಲುವೆಗಳಲ್ಲಿ ದೋಣಿ ಇಟ್ಟುಕೊಳ್ಳುವವರ ಲೈಸೆನ್ಸ್ ಪದ್ಧತಿಯನ್ನು ಮರುಪರಿಶೀಲಿಸಲು 2024ರ ಕೊನೆಯಲ್ಲಿ ಒಂದು ಸ್ವತಂತ್ರ ಆಯೋಗ ರಚನೆಯಾಯಿತು. ಅದಕ್ಕೂ ಮುಂಚೆಯೇ, ಆ ವರ್ಷದ ಏಪ್ರಿಲ್‌ನಿಂದ, ಖಾಯಂ ತಂಗುದಾಣವಿಲ್ಲದ ದೋಣಿಗಳ ಮೇಲೆ ಹೆಚ್ಚುವರಿ ಶುಲ್ಕ ಬಿದ್ದಿತ್ತು. ಈ ಸುದ್ದಿಗಳನ್ನು ಓದುವವರಿಗೆ ಮಧ್ಯೆ ಮಧ್ಯೆ ಇನ್ನೊಂದು ಜಗಳ ಎದುರಾಗುತ್ತದೆ. ದೋಣಿಯವರು ಗಾಳದ ಕೋಲು ಮುರಿದರು, ಗಾಳದವರು ದೋಣಿಯ ಕಿಟಕಿ ಒಡೆದರು, ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿದರು ಎಂಬ ದೂರುಗಳು. ಹೊರಗಿನಿಂದ ನೋಡಿದರೆ ಇದು ಬರೀ ಒರಟುತನದ ವಿಷಯ. ಇಬ್ಬರೂ ಸ್ವಲ್ಪ ಸೈರಣೆ ತೋರಿಸಿದರೆ ಮುಗಿಯುವಂಥದ್ದಲ್ಲವೇ ಅನ್ನಿಸುತ್ತದೆ.

ಅಷ್ಟಕ್ಕೆ ಮುಗಿಯುವುದಿಲ್ಲ. ಬರ್ಮಿಂಗ್‌ಹ್ಯಾಂ, ಮಿಲ್ಟನ್ ಕೀನ್ಸ್, ಸ್ಲೌ ಕಡೆ ನೆಲೆಸಿರುವ ಕನ್ನಡಿಗರಿಗೆ ಈ ಕಾಲುವೆ ದಂಡೆಗಳು ಸಂಜೆ ನಡಿಗೆಯ ಜಾಗ. ಅಲ್ಲಿ ಏರುದನಿಯ ಮಾತು ಕಿವಿಗೆ ಬಿದ್ದಿರಲೂಬಹುದು. ಅದರ ಹಿಂದೆ ನೀರಿನ ಆಳದ ಲೆಕ್ಕವಿದೆ, ಎರಡು ಬಗೆಯ ಹಕ್ಕುಗಳಿವೆ, ಸಾಕ್ಷಿಯ ಸಮಸ್ಯೆಯಿದೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ನೀರನ್ನು ಬೇರೆ ಬೇರೆಯವರಿಗೆ ಬೇರೆ ಬೇರೆ ಹೆಸರಿನಲ್ಲಿ ಕೊಟ್ಟ ಒಡೆಯನಿದ್ದಾನೆ.

ಸರಕಿಗೆಂದು ತೋಡಿದ ನೀರು

ನಾಲೆ ಎಂದೊಡನೆ ಮಂಡ್ಯದ ವಿಶ್ವೇಶ್ವರಯ್ಯ ನಾಲೆ ಕಣ್ಮುಂದೆ ಬರುವವರು ಮೊದಲು ಆ ಚಿತ್ರವನ್ನು ಬದಿಗಿಡಬೇಕು. ಇಂಗ್ಲೆಂಡಿನ ಕಾಲುವೆಗಳು ಹೊಲಕ್ಕೆ ನೀರುಣಿಸಲು ಹುಟ್ಟಿದವಲ್ಲ. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ಕಲ್ಲಿದ್ದಲನ್ನು ಮ್ಯಾಂಚೆಸ್ಟರ್ ಕಡೆಗೆ ಸಾಗಿಸಲು ತೆರೆದುಕೊಂಡಿತು. ಮುಂದಿನ ಏಳು ದಶಕಗಳಲ್ಲಿ ದೇಶದ ತುಂಬ ಇಂಥ ಜಲಮಾರ್ಗಗಳ ಬಲೆ ಹೆಣೆಯಲಾಯಿತು. ದಂಡೆಯ ಮೇಲೆ ಕುದುರೆ ನಡೆದು ದೋಣಿ ಎಳೆಯುತ್ತಿತ್ತು. ಆ ಕುದುರೆ ದಾರಿಯೇ ಇವತ್ತಿನ ಟೋಪಾತ್. ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಏರುತಗ್ಗು ಬಂದಲ್ಲಿ ಲಾಕ್ ಎಂಬ, ಎರಡೂ ತುದಿಗೆ ಬಾಗಿಲಿರುವ ನೀರಿನ ತೊಟ್ಟಿಗಳು ದೋಣಿಯನ್ನು ಎತ್ತಿ ಇಳಿಸುತ್ತವೆ.

ರೈಲು ಬಂತು, ಆಮೇಲೆ ಲಾರಿ ಬಂತು. 1948ರಲ್ಲಿ ಹೆಚ್ಚಿನ ಕಾಲುವೆಗಳು ರಾಷ್ಟ್ರೀಕರಣಗೊಂಡವು. 1962-63ರ ಕಡು ಚಳಿಗಾಲದಲ್ಲಿ ವಾರಗಟ್ಟಲೆ ನೀರು ಹೆಪ್ಪುಗಟ್ಟಿ ಅಳಿದುಳಿದ ಸರಕು ಸಾಗಣೆಯೂ ನೆಲಕಚ್ಚಿತು. 1968ರ ಸಾರಿಗೆ ಕಾಯ್ದೆ ಕಾಲುವೆಗಳನ್ನು ವಿಂಗಡಿಸಿ, ಬಹುಪಾಲನ್ನು ವಿಹಾರಕ್ಕೆ ಮೀಸಲಿಟ್ಟಿತು. ಸರಕು ದೋಣಿಗಳು ಕಡಿಮೆಯಾಗಿ ವಿಹಾರದ ದೋಣಿಗಳು ಇನ್ನೂ ಹೆಚ್ಚಿರದ ಆ ಸಂಧಿಕಾಲದಲ್ಲಿ ಈ ನೀರು ಗಾಳದವರದಾಗಿತ್ತು. ಬರ್ಮಿಂಗ್‌ಹ್ಯಾಂ, ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆಯ ಕಾರ್ಖಾನೆ ಕಾರ್ಮಿಕರ ಕ್ಲಬ್‌ಗಳು ಭಾನುವಾರದ ಸ್ಪರ್ಧೆಗಳಿಗೆ ಸಾಲಾಗಿ ಕೂರುತ್ತಿದ್ದವು. ದಂಡೆಯಲ್ಲಿ ಒಬ್ಬೊಬ್ಬರಿಗೆ ಗುರುತು ಮಾಡಿಕೊಡುವ ಜಾಗಕ್ಕೆ ಪೆಗ್ ಎನ್ನುತ್ತಾರೆ. ಅಪ್ಪ ಕೂತ ಪೆಗ್ಗಿನಲ್ಲಿ ಮಗ ಕೂರುವುದು ಅಲ್ಲಿ ಹೊಸದೇನಲ್ಲ.

ಈಗ ಲೆಕ್ಕ ತಿರುಗಿದೆ. ಕೆನಾಲ್ ಅಂಡ್ ರಿವರ್ ಟ್ರಸ್ಟ್ 2012ರ ಜುಲೈಯಲ್ಲಿ ಸರ್ಕಾರಿ ಸಂಸ್ಥೆಯಾದ ಬ್ರಿಟಿಷ್ ವಾಟರ್‌ವೇಸ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 3,200 ಕಿಲೋಮೀಟರ್ ಜಲಮಾರ್ಗ ವಹಿಸಿಕೊಂಡಿತು. (ಸ್ಕಾಟ್ಲೆಂಡಿನದು ಬೇರೆ ವ್ಯವಸ್ಥೆ.) ಅದರ ನೀರಿನಲ್ಲಿ ಇಂದು 35,000ದ ಆಸುಪಾಸಿನಲ್ಲಿ ದೋಣಿಗಳಿವೆ, ಕೈಗಾರಿಕಾ ಕ್ರಾಂತಿಯ ಉತ್ತುಂಗದಲ್ಲೂ ಇಷ್ಟಿರಲಿಲ್ಲ ಎಂದು ಟ್ರಸ್ಟ್ ಹೇಳುತ್ತದೆ. ಲಂಡನ್ನಿನಲ್ಲಂತೂ ಮನೆ ಬಾಡಿಗೆ ತಾಳಲಾರದೆ ದೋಣಿ ಕೊಂಡವರು ಎಷ್ಟೋ ಜನ. ಅವರಿಗೆ ದೋಣಿ ಶೋಕಿಯಲ್ಲ, ಮನೆ. ಆ ಮನೆಯ ಕಿಟಕಿಗೆ ಗಾಳದ ದಾರಕ್ಕೆ ಕಟ್ಟಿದ ತೂಕದ ಗುಂಡು ಬಡಿದರೆ ಅವರ ಸಿಟ್ಟು ವಿಹಾರಕ್ಕೆ ಬಂದವರ ಸಿಟ್ಟಿನಂತಿರುವುದಿಲ್ಲ.

ಬಾಣಲೆಯಂಥ ತಳ

ಜಗಳದ ಮೂಲ ಕಾಲುವೆಯ ಆಕಾರದಲ್ಲೇ ಇದೆ. ಅಡ್ಡಲಾಗಿ ಕೊಯ್ದು ನೋಡಿದರೆ ಅದು ಬಾಣಲೆಯಂತಿದೆ: ನಡುವೆ ಒಂದು, ಒಂದೂಕಾಲು ಮೀಟರ್ ಆಳ, ಎರಡೂ ಅಂಚಿನಲ್ಲಿ ಹೂಳು ತುಂಬಿದ ಮೆಟ್ಟಿಲು. ಅಗಲ ಅನೇಕ ಕಡೆ 10-12 ಮೀಟರ್ ಅಷ್ಟೆ. ದೋಣಿಗೆ ಆಳ ಬೇಕು, ಆದ್ದರಿಂದ ಅದು ನಡುವೆಯೇ ಹೋಗಬೇಕು. ಮೀನಿಗೆ ನೆರಳು ಬೇಕು, ಆದ್ದರಿಂದ ಅದು ಟೋಪಾತ್‌ನ ಎದುರು ದಂಡೆಯಲ್ಲಿ ಬಾಗಿದ ಪೊದೆಗಳಡಿ ಇರುತ್ತದೆ. ಪೊದೆ ಇಲ್ಲದಿದ್ದರೆ ಕಟ್ಟಿ ನಿಲ್ಲಿಸಿದ ದೋಣಿಯ ಹೊಟ್ಟೆಯಡಿ. ಮೀನು ಎಲ್ಲಿದೆಯೋ ಗಾಳವೂ ಅಲ್ಲಿಗೇ ಬೀಳಬೇಕು. ಚಲಿಸುವ ದೋಣಿ ಗಾಳದ ಕೋಲಿನಡಿ ಹಾಯಲೇಬೇಕು. ನಿಂತ ದೋಣಿಯ ಒತ್ತಿಗೆ ಗಾಳ ಬೀಳಲೇಬೇಕು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ.

ಒಂದು ದೋಣಿ ಹಾದುಹೋಗುವ ಅರ್ಧ ನಿಮಿಷವನ್ನು ಹತ್ತಿರದಿಂದ ನೋಡೋಣ. ಪೆಟ್ಟಿಗೆಯ ಮೇಲೆ ಕೂತವನ ತೊಡೆಯ ಮೇಲೆ 13 ಮೀಟರ್ ಉದ್ದದ ಕಾರ್ಬನ್ ಪೋಲ್. ಅದಕ್ಕೆ ರೀಲ್ ಇಲ್ಲ, ದಾರ ತುದಿಯಲ್ಲೇ ಕಟ್ಟಿರುತ್ತದೆ. ಗಾಳ ಹೊರತೆಗೆಯಬೇಕೆಂದರೆ ಇಡೀ ಕೋಲನ್ನು ಬೆನ್ನ ಹಿಂದಕ್ಕೆ ಜಾರಿಸಬೇಕು. ಬೆನ್ನ ಹಿಂದೆ ಎರಡು ಮೀಟರಿನ ಟೋಪಾತ್. ಸೇತುವೆಯ ತಿರುವಿನಿಂದ ದೋಣಿಯ ಮೂತಿ ಕಾಣಿಸಿತು. ಕೋಲು ಎತ್ತಬೇಕು, ಎತ್ತುವ ಮುಂಚೆ ಹಿಂದೆ ಸೈಕಲ್ ಬರುತ್ತಿದೆಯೇ ಎಂದು ತಿರುಗಿ ನೋಡಬೇಕು. ಸೈಕಲ್ ಬಂತು. ಅದು ದಾಟುವವರೆಗೆ ಕೋಲು ನೀರಿನ ಮೇಲೇ ಉಳಿಯಬೇಕು. ಅತ್ತ ದೋಣಿ ನಿಲ್ಲುವುದಿಲ್ಲ.

ಏಕೆ ನಿಲ್ಲುವುದಿಲ್ಲ? ನ್ಯಾರೋಬೋಟ್ ಎಂಬುದು 2.1 ಮೀಟರ್ ಅಗಲದ, 22 ಮೀಟರ್‌ವರೆಗೂ ಉದ್ದವಿರಬಹುದಾದ ಉಕ್ಕಿನ ದೋಣಿ. ಮಧ್ಯಮ ಗಾತ್ರದ್ದೇ ಹದಿನೈದು ಟನ್ ಮೀರಬಹುದು. ಅದಕ್ಕೆ ಬ್ರೇಕ್ ಇಲ್ಲ. ನಡೆಸುವವನು ಹಿಂಬದಿಯಲ್ಲಿ ನಿಂತಿರುತ್ತಾನೆ, ಮೂತಿಗೂ ಅವನಿಗೂ ಒಂದು ಬಸ್ಸಿಗಿಂತ ಹೆಚ್ಚು ದೂರ. ಗೇರ್ ತೆಗೆದರೆ ಪ್ರೊಪೆಲ್ಲರ್ ನೀರು ತಳ್ಳುವುದು ನಿಲ್ಲುತ್ತದೆ. ಆಗ ಚುಕ್ಕಾಣಿಯ ಹಿಡಿತವೂ ಹೋಗಿ ಗಾಳಿ ದೂಡಿದ ಕಡೆ ದೋಣಿ ಓರೆಯಾಗುತ್ತದೆ. ಗಾಳದವನಿಗೆ ಸಹಾಯವಾಗಲೆಂದು ಬದಿಗೆ ಸರಿದರೆ ಹೂಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಅನುಭವಿ ದೋಣಿಯವರು ಮಾಡುವುದು ಒಂದೇ: ನಡುವೆ ಇರುವುದು, ವೇಗ ಇಳಿಸಿ ಒಂದೇ ಸಮನೆ ಸಾಗುವುದು.

ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ 6.4 ಕಿಲೋಮೀಟರ್. ಕಾಲುನಡಿಗೆಗಿಂತ ಸ್ವಲ್ಪ ಹೆಚ್ಚು. ಆದರೂ ಅದು ಕೆಲವು ಕಡೆ ಜಾಸ್ತಿಯೇ. ಇಕ್ಕಟ್ಟಾದ ನೀರಿನಲ್ಲಿ ದೋಣಿಯ ಒಡಲು ಎಷ್ಟೋ ಜಾಗ ತುಂಬುವುದರಿಂದ ತಳ್ಳಿದ ನೀರು ಅದರ ಇಕ್ಕೆಲದಲ್ಲಿ ಹಿಂದಕ್ಕೆ ನುಗ್ಗಬೇಕು. ದೋಣಿ ಎದುರಿಗೆ ಬಂದಾಗ ಅಂಚಿನ ನೀರು ಇಳಿಯುತ್ತದೆ, ದಾಟಿದ ಮೇಲೆ ಏರಿ ಬರುತ್ತದೆ. ಹಿಡಿದ ಮೀನು ಇಟ್ಟ ಬಲೆ ಈ ಎಳೆತಕ್ಕೆ ವಾಲುತ್ತದೆ, ಆಧಾರದ ಕಡ್ಡಿ ಬಾಗುತ್ತದೆ. ಅದೇ ಎಳೆತ ಮುಂದೆ ಕಟ್ಟಿ ನಿಲ್ಲಿಸಿದ ದೋಣಿಗಳ ಗೂಟವನ್ನೂ ಕೀಳುತ್ತದೆ ಎಂಬುದನ್ನು ಗಮನಿಸಬೇಕು: ವೇಗದ ದೋಣಿಯ ಬಗ್ಗೆ ಗಾಳದವರಷ್ಟೇ ಕೋಪ ಉಳಿದ ದೋಣಿಯವರಿಗೂ ಇದೆ. ನಿಧಾನವಾಗಿ ಹೋದ ದೋಣಿಯನ್ನು ಮಾತ್ರ ಒಳಗೊಳಗೇ ಇಷ್ಟಪಡುವ ಗಾಳದವರಿದ್ದಾರೆ. ಕೆಸರು ಕದಡಿ ಹುಳು ಮೇಲೆದ್ದರೆ ಮೀನು ಕಚ್ಚುತ್ತದೆ ಎನ್ನುವುದು ಅವರ ಅನುಭವ.

ಹಾನಿಯ ಪಟ್ಟಿ

ಗಾಳದವರ ಕಡೆ ದೊಡ್ಡ ನಷ್ಟ ಪೋಲ್‌ನದು. ಒಳ್ಳೆಯದಕ್ಕೆ ಸಾವಿರಾರು ಪೌಂಡ್ ಬೆಲೆ. ತುಂಡು ತುಂಡಾಗಿ ಜೋಡಿಸುವ ಕೋಲಾದ್ದರಿಂದ ಮುರಿದದ್ದು ಒಂದೇ ಭಾಗವಾದರೂ ದಪ್ಪ ಭಾಗವಾದರೆ ನೂರಾರು ಪೌಂಡ್ ತೆರಬೇಕು. ಕಾರ್ಬನ್ ನಾರಿಗೆ ಬಾಗುವ ಶಕ್ತಿ ಬೇಕಾದಷ್ಟಿದೆ, ಅಡ್ಡ ಪೆಟ್ಟು ತಾಳುವ ಶಕ್ತಿ ಇಲ್ಲ. ಕಣ್ಣಿಗೆ ಕಾಣದ ಬಿರುಕು ಮುಂದಿನ ವಾರ ಮುರಿಯಬಹುದು. ಹಾಗೆ ಮುರಿದಾಗ ಯಾವ ದೋಣಿಯನ್ನು ದೂರುವುದು?

ದೋಣಿಯವರ ಪಟ್ಟಿ ಉದ್ದವಾಗಿದೆ. ತೂಕದ ಗುಂಡು ಬಡಿದ ಕಿಟಕಿ, ಸೋಲಾರ್ ಫಲಕ. ಕವಣೆಯಲ್ಲಿ ಎಸೆದ ಮೇವು ಮೆತ್ತಿಕೊಂಡ ಬಣ್ಣ. (ಇಡೀ ದೋಣಿಗೆ ಮತ್ತೆ ಬಣ್ಣ ಹೊಡೆಸುವ ಖರ್ಚು ಒಳ್ಳೆಯ ಪೋಲ್‌ನ ಬೆಲೆಗೆ ಕಡಿಮೆಯಿಲ್ಲ.) ಹಂಸಗಳನ್ನು ಉಳಿಸಲು 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸೀಸದ ತೂಕಗಳನ್ನು 1987ರಲ್ಲೇ ನಿಷೇಧಿಸಿದ್ದಾರೆ, ಆದರೆ ಗಾಜಿಗೆ ಲೋಹ ಯಾವುದಾದರೇನು. ಕೃತಕ ಮೀನಿನ ಹೊಟ್ಟೆಗಿರುವ ಮೂರು ಮುಳ್ಳಿನ ಕೊಕ್ಕೆ ಕ್ಯಾನ್ವಾಸ್ ಹೊದಿಕೆಯಲ್ಲೋ ಹಗ್ಗದಲ್ಲೋ ಉಳಿದರೆ ಮಾರನೆಯ ಬೆಳಿಗ್ಗೆ ಹಗ್ಗ ಬಿಚ್ಚುವವನ ಅಂಗೈಗೆ ಅದು ಸಿಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ನೀರಿನಲ್ಲಿ ಬಿಟ್ಟ ದಾರ. ತಿರುಗುವ ಪ್ರೊಪೆಲ್ಲರ್ ಅದನ್ನು ಸುತ್ತಿಕೊಂಡು ಬಿಗಿಯುತ್ತದೆ. ನೈಲಾನ್ ಉಜ್ಜಾಟದ ಶಾಖಕ್ಕೆ ಕರಗಿ ಗಟ್ಟಿ ಬಳೆಯಾಗುತ್ತದೆ. ಆಗ ಎಂಜಿನ್ ನಿಲ್ಲಿಸಿ, ಹಿಂಬದಿಯ ವೀಡ್ ಹ್ಯಾಚ್ ಎಂಬ ಮುಚ್ಚಳ ತೆಗೆದು, ಮೊಣಕಾಲೂರಿ, ತಣ್ಣನೆಯ ನೀರಿಗೆ ಭುಜದವರೆಗೆ ಕೈ ಇಳಿಸಿ, ಕಣ್ಣಿಗೆ ಕಾಣದ್ದನ್ನು ಚಾಕುವಿನಿಂದ ಕೊಯ್ಯಬೇಕು. ಎಳೆ ಪ್ರೊಪೆಲ್ಲರ್ ತಿರುಗಿಸುವ ದಂಡದ ಉದ್ದಕ್ಕೂ ಒಳಹೊಕ್ಕು ನೀರು ತಡೆಯುವ ಸೀಲ್ ಕತ್ತರಿಸಿದರೆ ದೋಣಿಯ ಒಳಗೆ ನೀರು ಸೋರತೊಡಗುತ್ತದೆ. ಆ ದಾರ ನಿನ್ನೆಯದೋ ಹೋದ ವರ್ಷದ್ದೋ, ಎಸೆದವನು ಯಾರೋ, ಪತ್ತೆ ಹಚ್ಚುವ ಮಾರ್ಗವೇ ಇಲ್ಲ.

ಇಬ್ಬರೂ ಹಕ್ಕಿನ ಮಾತಾಡುತ್ತಾರೆ

ದೋಣಿಯವರ ವಾದ: ಕಾಲುವೆ ಕಟ್ಟಿದ್ದು ದೋಣಿಗೆ. ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ಪೌಂಡ್ ಮೀರುವ ಲೈಸೆನ್ಸ್ ಶುಲ್ಕ ಕಟ್ಟುವವರು ನಾವು. ವಿಮೆ, ಸುರಕ್ಷಾ ಪ್ರಮಾಣಪತ್ರ ಕಡ್ಡಾಯವಾಗಿರುವುದು ನಮಗೆ. ಗಾಳದವನು ಐವತ್ತು ಪೌಂಡ್‌ಗಿಂತ ಕಡಿಮೆಗೆ ವರ್ಷದ ರಾಡ್ ಲೈಸೆನ್ಸ್ ಪಡೆದು ಸಂಚಾರದ ದಾರಿಗೆ ಅಡ್ಡಲಾಗಿ ಕೋಲು ಚಾಚುತ್ತಾನೆ.

ಈ ವಾದದಲ್ಲಿ ಒಂದು ತಪ್ಪು ತಿಳಿವಳಿಕೆ ಸೇರಿಕೊಂಡಿದೆ. ರಾಡ್ ಲೈಸೆನ್ಸ್ ದುಡ್ಡು ಹೋಗುವುದು ಸರ್ಕಾರದ ಪರಿಸರ ಸಂಸ್ಥೆಗೆ, ಟ್ರಸ್ಟ್‌ಗಲ್ಲ. ಅದು ಗಾಳ ಹಿಡಿಯಲು ಅನುಮತಿ ಅಷ್ಟೆ; ಈ ಕಾಲುವೆಯಲ್ಲಿ ಹಿಡಿಯುವ ಹಕ್ಕು ಬೇರೆ. ಆ ಹಕ್ಕು ಒಂದು ಆಸ್ತಿ, ಗುತ್ತಿಗೆ ಕೊಡಬಹುದಾದದ್ದು. ಟ್ರಸ್ಟ್ ಅದನ್ನು ಕಾಲುವೆಯ ತುಂಡು ತುಂಡುಗಳಾಗಿ ಕ್ಲಬ್‌ಗಳಿಗೆ ಬಾಡಿಗೆಗೆ ಕೊಟ್ಟಿದೆ. ಕ್ಲಬ್‌ನ ಗುತ್ತಿಗೆ ಇಲ್ಲದ ಕೆಲವು ಭಾಗಗಳಿಗೆ ವಾಟರ್‌ವೇ ವಾಂಡರರ್ಸ್ ಎಂಬ ಪರವಾನಗಿಯನ್ನು ತಾನೇ ಮಾರುತ್ತದೆ.

ಹೀಗಾಗಿ ಗಾಳದವರ ವಾದಕ್ಕೂ ಗಟ್ಟಿ ನೆಲವಿದೆ: ಈ ದಂಡೆಯ ಮೀನಿಗೆ ಬಾಡಿಗೆ ಕೊಟ್ಟವರು ನಾವು, ಸ್ಪರ್ಧೆಗೆ ಪೆಗ್ ಗುರುತು ಮಾಡಿ ತಿಂಗಳ ಮೊದಲೇ ತಿಳಿಸಿದ್ದೇವೆ, ಆ ಬೆಳಿಗ್ಗೆ ಬಂದು ನೋಡಿದರೆ ಪೆಗ್ಗಿನ ಮೇಲೆ ದೋಣಿ ಕಟ್ಟಿದೆ. ದೋಣಿಯವರು ಕಾನೂನು ತೋರಿಸುತ್ತಾರೆ. ಖಾಯಂ ತಂಗುದಾಣ ಇಲ್ಲದವರು ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲದೆ ಪ್ರಾಮಾಣಿಕವಾಗಿ ಸಂಚರಿಸುತ್ತಿರಬೇಕು ಎನ್ನುತ್ತದೆ 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆ. 14 ದಿನದೊಳಗೆ ಟೋಪಾತ್ ಬದಿಯಲ್ಲಿ ಕಟ್ಟಿ ನಿಲ್ಲಲು ಅವರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಒಂದೇ ಅಂಗುಲ ದಂಡೆಗೆ ಎರಡು ರಸೀದಿ. ಎರಡೂ ಅಸಲಿ, ಎರಡರ ಮೇಲೂ ಒಬ್ಬನೇ ಒಡೆಯನ ಸಹಿ. ಇದನ್ನು ಎರಡು ಗುಂಪುಗಳ ಸ್ವಭಾವದ ಜಗಳ ಎಂದು ಬರೆಯುವವರು ಈ ಸಹಿಯನ್ನು ನೋಡುವುದೇ ಇಲ್ಲ ಎಂಬುದು ನನ್ನ ತಕರಾರು.

ಕೋರ್ಟಿಗೆ ಹೋದರೆ?

ಹೋಗಬಹುದು. ಆದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಮೊದಲು ಪೊಲೀಸರು. 1971ರ ಕ್ರಿಮಿನಲ್ ಡ್ಯಾಮೇಜ್ ಕಾಯ್ದೆಯ ಪ್ರಕಾರ ಪರರ ಸ್ವತ್ತನ್ನು ಬೇಕೆಂದೇ ಅಥವಾ ಅಪಾಯ ಗೊತ್ತಿದ್ದೂ ಲೆಕ್ಕಿಸದೆ ಹಾಳು ಮಾಡಿದರೆ ಅಪರಾಧ. ಬರೀ ಅಜಾಗರೂಕತೆ ಸಾಲದು. ಕಟ್ಟಿದ ದೋಣಿಗೆ ಗುರಿಯಿಟ್ಟು ಗುಂಡು ಬೀಸಿದವನು, ಕೋಪಕ್ಕೆ ಇನ್ನೊಬ್ಬನ ದಾರ ಕತ್ತರಿಸಿ ಎಸೆದವನು ಇದರಡಿ ಬರಬಹುದು. ನಡುನೀರಿನಲ್ಲಿ ನಿಧಾನವಾಗಿ ಹೋಗುತ್ತಿದ್ದ ದೋಣಿಗೆ ಕೋಲು ತಾಗಿ ಮುರಿದರೆ ಅಪರಾಧವೆನ್ನುವುದು ಕಷ್ಟ. ಸಿವಿಲ್ ವ್ಯಾಜ್ಯ ಮಾಡಿಕೊಳ್ಳಿ ಎಂಬ ಉತ್ತರ ಬರುವುದು ಸಹಜ.

ಸಿವಿಲ್ ದಾರಿಯಲ್ಲಿ 10,000 ಪೌಂಡ್‌ವರೆಗಿನ ದಾವೆಗೆ ಸ್ಮಾಲ್ ಕ್ಲೇಮ್ಸ್ ವ್ಯವಸ್ಥೆಯಿದೆ. ವಕೀಲ ಬೇಕೆಂದೇನಿಲ್ಲ, ಇಟ್ಟುಕೊಂಡರೆ ಗೆದ್ದರೂ ಸಾಮಾನ್ಯವಾಗಿ ಆ ಶುಲ್ಕ ವಾಪಸ್ ಬರುವುದಿಲ್ಲ. ದಾವೆ ಹೂಡಿದವನು ಎದುರಾಳಿ ಯಾರು, ಅವನು ಎಚ್ಚರ ತಪ್ಪಿದ್ದೆಲ್ಲಿ, ಹಾನಿ ಅದರಿಂದಲೇ ಆಯಿತೇ ಎಂಬ ಮೂರನ್ನೂ ತೋರಿಸಬೇಕು. ಗಾಳದವನು ತೋರಿಸಲು ಹೊರಟರೆ ದೋಣಿಯವನು ಕೇಳುತ್ತಾನೆ: ಸಂಚಾರದ ನೀರಿನ ಮೇಲೆ ಕೋಲು ಚಾಚಿ ಕೂತವನು ನೀನಲ್ಲವೇ? ಹಾನಿಗೊಳಗಾದವನ ಪಾಲಿನ ತಪ್ಪಿನಷ್ಟು ಪರಿಹಾರವನ್ನು ಕಡಿತ ಮಾಡಲು 1945ರಿಂದಲೇ ಕಾಯ್ದೆಯಿದೆ. ನಾನೂರು ಪೌಂಡಿನ ತುಂಡಿಗೆ ಇನ್ನೂರು ಸಿಕ್ಕರೂ ತಿಂಗಳುಗಟ್ಟಲೆ ಅಲೆದದ್ದಕ್ಕೆ ಬೆಲೆಯಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಓರೆಯಿದೆ. ದೋಣಿ ತನ್ನ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಪ್ರದರ್ಶಿಸಲೇಬೇಕು; ಅದಕ್ಕೆ ಮೂರನೆಯವರ ಹಾನಿಯ ವಿಮೆಯೂ ಇರಲೇಬೇಕು. ಗಾಳದವನ ಬೆನ್ನ ಮೇಲೆ ಸಂಖ್ಯೆ ಇಲ್ಲ. ಆದ್ದರಿಂದ ಕೋಲು ಮುರಿದವನು ಯಾರೆಂದು ಗೊತ್ತಾಗುವ ಸಾಧ್ಯತೆ ಹೆಚ್ಚು, ಕಿಟಕಿ ಒಡೆದವನು ಯಾರೆಂದು ಗೊತ್ತಾಗುವ ಸಾಧ್ಯತೆ ಕಡಿಮೆ. ಇದಕ್ಕೆ ಅಪವಾದ ಸ್ಪರ್ಧೆಯ ದಿನ. ಆ ದಿನ ಕ್ಲಬ್ ಕಾರ್ಯದರ್ಶಿಯ ಕೈಯಲ್ಲಿ ಯಾವ ಪೆಗ್ಗಿನಲ್ಲಿ ಯಾರು ಎಂಬ ಪಟ್ಟಿ ಇರುತ್ತದೆ, ಕ್ಲಬ್‌ಗೆ ಸಾರ್ವಜನಿಕ ಹೊಣೆಯ ವಿಮೆಯೂ ಇರಬಹುದು. ದೋಣಿಯವರು ಅತಿ ಹೆಚ್ಚು ಗೊಣಗುವುದು ಸ್ಪರ್ಧೆಯ ದಿನಗಳ ಬಗ್ಗೆ. ನಷ್ಟ ವಸೂಲಿಯ ದೃಷ್ಟಿಯಿಂದ ಅವರಿಗೆ ಎಲ್ಲಕ್ಕಿಂತ ಅನುಕೂಲದ ದಿನವೂ ಅದೇ.

ಹಳೆಯ ತೀರ್ಪುಗಳ ನೆರವು ಸಿಗುವುದೇ ಎಂದು ಕೇಳುವವರು 1972ರ ಒಂದು ಪ್ರಕರಣ ನೆನೆಯುತ್ತಾರೆ. ದೋಣಿಪಯಣದಿಂದ ಮೀನು ಹಿಡಿಯುವ ಹಕ್ಕಿಗೆ ಅಡ್ಡಿಯಾದರೆ, ಆ ಕ್ಷಣ ಯಾರೂ ಗಾಳ ಹಾಕುತ್ತಿರದಿದ್ದರೂ ಅದು ಹಕ್ಕಿನ ಉಲ್ಲಂಘನೆ ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಹೇಳಿತ್ತು. ಆದರೆ ಅದು ನದಿಯಲ್ಲಿ ಹೋದ ಕೆನೂ ಎಂಬ ಹುಟ್ಟುಹಾಕುವ ಕಿರುದೋಣಿಯ ಪ್ರಕರಣ. ಟ್ರಸ್ಟ್‌ನ ಕಾಲುವೆಯಲ್ಲಿ ದೋಣಿಗೆ ಒಡೆಯನದೇ ಲೈಸೆನ್ಸ್ ಇದೆ. ಆ ತೀರ್ಪನ್ನು ಇಲ್ಲಿ ಆಯುಧವಾಗಿ ಬೀಸಿದರೆ ಹೆಚ್ಚು ದೂರ ಹೋಗುವುದಿಲ್ಲ.

ಹೀಗೆ ಎಲ್ಲ ಬಾಗಿಲು ತಟ್ಟಿದ ಮೇಲೆ ನಷ್ಟ ಬಿದ್ದಲ್ಲೇ ಉಳಿಯುತ್ತದೆ. ಕೋಲು ಕಳೆದುಕೊಂಡವನು ಕೋಲು ಕೊಳ್ಳುತ್ತಾನೆ, ಗಾಜು ಕಳೆದುಕೊಂಡವನು ಗಾಜು ಹಾಕಿಸುತ್ತಾನೆ. ಆದರೆ ಪರಿಹಾರ ಸಿಗದ ಸಿಟ್ಟು ಮುಂದಿನ ಭಾನುವಾರ ಇನ್ಯಾರೋ ಅಮಾಯಕನ ಮೇಲೆ ತಿರುಗುತ್ತದೆ. ಹೋದ ವಾರ ಕೋಲು ಮುರಿಸಿಕೊಂಡವನು ಈ ವಾರ ನಿಧಾನವಾಗಿ ಬಂದ ದೋಣಿಗೂ ಕೋಲನ್ನು ಕೊನೆಯ ಕ್ಷಣದವರೆಗೆ ಎತ್ತುವುದಿಲ್ಲ. ಹೋದ ವಾರ ಬೈಸಿಕೊಂಡ ದೋಣಿಯವನು ಈ ವಾರ ವೇಗ ಇಳಿಸುವುದಿಲ್ಲ.

ಟ್ರಸ್ಟ್ ಏಕೆ ತೀರ್ಪು ಕೊಡುವುದಿಲ್ಲ

ಜಾಗ ಹಂಚಿಕೊಳ್ಳಿ, ಪರಸ್ಪರ ಗೌರವವಿರಲಿ ಎನ್ನುವುದು ಟ್ರಸ್ಟ್‌ನ ಧೋರಣೆ. ಲಾಕ್ ಹತ್ತಿರ, ನೀರು ತುಂಬಿಸುವ ಜಾಗದಲ್ಲಿ, ದೋಣಿ ತಿರುಗಿಸುವ ಅಗಲದಲ್ಲಿ ಗಾಳ ಹಾಕಬೇಡಿ; ಗಾಳದವರನ್ನು ಕಂಡರೆ ನಿಧಾನವಾಗಿ ನಡುವೆ ಸಾಗಿ. ಸಲಹೆಗಳು ಸರಿಯಾಗಿಯೇ ಇವೆ. 1965ರ ಕಾಲುವೆ ಉಪನಿಯಮಗಳೂ ಇನ್ನೂ ಜಾರಿಯಲ್ಲಿವೆ. ಆದರೆ ಉಪನಿಯಮ ಮುರಿದವನಿಗೆ ದಂಡ ಬೀಳಬಹುದೇ ಹೊರತು ಮುರಿದ ಕೋಲಿನ ದುಡ್ಡು ಅದರಿಂದ ಬರುವುದಿಲ್ಲ.

ಟ್ರಸ್ಟ್ ನ್ಯಾಯಾಲಯವಲ್ಲ, ದತ್ತಿ ಸಂಸ್ಥೆ. ಅದರ ಕೈಯೂ ಬಿಗಿಯಾಗಿದೆ. ವರ್ಷಕ್ಕೆ ಸುಮಾರು 5 ಕೋಟಿ ಪೌಂಡ್ ಸರ್ಕಾರಿ ಅನುದಾನ ಸಿಗುತ್ತಿತ್ತು. 2027ರಿಂದ ಹತ್ತು ವರ್ಷಕ್ಕೆ 40 ಕೋಟಿಗೂ ತುಸು ಹೆಚ್ಚು ಕೊಡುವುದಾಗಿ ಸರ್ಕಾರ 2023ರಲ್ಲಿ ಪ್ರಕಟಿಸಿತು. ಬೆಲೆಯೇರಿಕೆ ಹಿಡಿದರೆ ಇದು 30 ಕೋಟಿ ಪೌಂಡ್‌ಗೂ ಮಿಕ್ಕಿದ ಕಡಿತ ಎಂದು ಟ್ರಸ್ಟ್ ಲೆಕ್ಕ ಹಾಕಿತು. ಇನ್ನೂರೈವತ್ತು ವರ್ಷ ಹಳೆಯ ಏರಿಗಳು, ಜಲಾಶಯಗಳು, ಸೇತುವೆಗಳು ಅದರ ತಲೆಮೇಲಿವೆ. ಆದಾಯ ಹೆಚ್ಚಿಸಿಕೊಳ್ಳಲು ಹತ್ತಿರದ ದಾರಿ ದೋಣಿ ಲೈಸೆನ್ಸ್. ಗಾಳದ ಕ್ಲಬ್‌ಗಳ ಬಾಡಿಗೆ ಅದರ ಮುಂದೆ ಚಿಲ್ಲರೆ. ಹೆಚ್ಚು ಕೊಡುವವನ ಕಡೆ ಒಡೆಯ ವಾಲುವುದು ಸಹಜ ಎಂದು ಗಾಳದವರು ಅನುಮಾನಿಸುತ್ತಾರೆ. ಇಷ್ಟೆಲ್ಲ ತೆತ್ತರೂ ನಮ್ಮ ಹಿತ ಕಾಯುತ್ತಿಲ್ಲ ಎಂದು ದೋಣಿಯವರು ದೂರುತ್ತಾರೆ. ಬಡ ಒಡೆಯನ ಮನೆಯಲ್ಲಿ ಇಬ್ಬರು ಬಾಡಿಗೆದಾರರೂ ಅತೃಪ್ತರು.

ಆಯೋಗ ಏನು ಹೇಳಿದರೂ ಪರಿಣಾಮ ದಂಡೆಯ ಮೇಲೆ

ಲೈಸೆನ್ಸ್ ಆಯೋಗದ ವಿಷಯ ಮೇಲ್ನೋಟಕ್ಕೆ ಗಾಳದವರಿಗೆ ಸಂಬಂಧಿಸಿದ್ದಲ್ಲ. 1995ರ ಕಾಯ್ದೆ ಈ ಕಾಲಕ್ಕೆ ಹೊಂದುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ಕಾಯ್ದೆಯಲ್ಲಿ ಎಷ್ಟು ದೂರ ಸಂಚರಿಸಬೇಕೆಂಬ ಲೆಕ್ಕ ಇಲ್ಲ. ಟ್ರಸ್ಟ್‌ಗೂ ತಂಗುದಾಣವಿಲ್ಲದ ದೋಣಿಗಳಿಗೂ ನಡುವಿನ ಎಷ್ಟೋ ವರ್ಷಗಳ ಜಟಾಪಟಿ ಅದರಿಂದಲೇ. ನ್ಯಾಷನಲ್ ಬಾರ್ಜೀ ಟ್ರಾವೆಲರ್ಸ್ ಅಸೋಸಿಯೇಷನ್‌ನಂಥ ಸಂಚಾರಿ ದೋಣಿವಾಸಿಗಳ ಸಂಘಟನೆಗಳು ಹೆಚ್ಚುವರಿ ಶುಲ್ಕವನ್ನು ಬಡ ದೋಣಿವಾಸಿಗಳನ್ನು ಹೊರದಬ್ಬುವ ತಂತ್ರವೆಂದು ಕಾಣುತ್ತವೆ.

ಇದರ ಎಳೆ ಹಿಡಿದು ದಂಡೆಯವರೆಗೆ ಬಂದರೆ ನಂಟು ಕಾಣುತ್ತದೆ. ತಂಗುದಾಣವಿಲ್ಲದ ದೋಣಿಗಳು ಇನ್ನಷ್ಟು ದೂರ ಚಲಿಸಲೇಬೇಕು ಎಂದು ಕಾನೂನು ಬಿಗಿಯಾದರೆ ನಿಂತ ದೋಣಿಗಳು ಕಡಿಮೆಯಾಗಿ ಪೆಗ್‌ಗಳು ತೆರವಾಗುತ್ತವೆ. ಆದರೆ ಅದೇ ದೋಣಿಗಳು ದಿನವಿಡೀ ಕೋಲಿನಡಿ ಹಾಯತೊಡಗುತ್ತವೆ. ಬದಲಿಗೆ, ಅವರಿಗೂ ಖಾಯಂ ತಂಗುದಾಣ ಕೊಡಿ ಎಂದಾದರೆ ಓಡಾಟ ತಗ್ಗುತ್ತದೆ. ಆದರೆ ತಂಗುದಾಣ ಕಟ್ಟಲು ದಂಡೆ ಬೇಕು. ದಾರಿ, ನೀರು, ಅಂಗಡಿ ಹತ್ತಿರವಿರುವ ದಂಡೆಯೇ ದೋಣಿಗೆ ಬೇಕು, ಗಾಳದವರಿಗೂ ಅದೇ ಬೇಕು. ಶುಲ್ಕ ಏರಿಸಿ ದೋಣಿಗಳನ್ನೇ ಕಡಿಮೆ ಮಾಡಿದರೆ ಟ್ರಸ್ಟ್‌ನ ವರಮಾನ ಬೀಳುತ್ತದೆ, ಹೂಳೆತ್ತುವುದು ನಿಲ್ಲುತ್ತದೆ, ದೋಣಿ ಚಲಿಸದ ಕಾಲುವೆಯಲ್ಲಿ ಕಳೆ ಬೆಳೆದು ಗಾಳ ಹಾಕುವುದೂ ಕಷ್ಟವಾಗುತ್ತದೆ. ಮೂರರಲ್ಲಿ ಯಾವುದಾದರೂ ಗಾಳದವರು ಪಾರಾಗುವುದಿಲ್ಲ. ಆದರೂ ಚರ್ಚೆಯ ಹೆಸರು ದೋಣಿ ಲೈಸೆನ್ಸ್. ಕಾಯ್ದೆ ಬದಲಿಸುವುದು ಅಂತಿಮವಾಗಿ ಪಾರ್ಲಿಮೆಂಟಿನ ಕೆಲಸವಾದ್ದರಿಂದ ಇದು ಬೇಗ ಮುಗಿಯುವಂಥದ್ದೂ ಅಲ್ಲ.

ಗಾಳದವರು ಎದ್ದು ಹೋದರೆ

ಸದ್ಯಕ್ಕೆ ಕಾಣುವ ದಿಕ್ಕು ಇದು: ಹೊಂದಿಕೊಳ್ಳಲಾಗದ ಗಾಳದವರಿಗೆ ಹೋಗಲು ಬೇರೆ ಜಾಗವಿದೆ. ದಿನದ ಶುಲ್ಕ ಕೊಟ್ಟರೆ ದೋಣಿಯೂ ಸೈಕಲ್ಲೂ ಇಲ್ಲದ ಖಾಸಗಿ ಕೊಳ, ಒತ್ತೊತ್ತಾಗಿ ಬಿಟ್ಟ ಮೀನು, ಕಾರಿನ ಪಕ್ಕದಲ್ಲೇ ಪೆಗ್. ದುಬಾರಿ ಪೋಲ್ ಇಟ್ಟುಕೊಂಡವರು ಮೊದಲು ಅಲ್ಲಿಗೆ ಹೋಗುತ್ತಾರೆ. ಸದಸ್ಯರು ಕರಗಿದ ಕ್ಲಬ್ ಕಾಲುವೆಯ ಗುತ್ತಿಗೆ ನವೀಕರಿಸುವುದಿಲ್ಲ.

ಅದರ ಒಂದು ಪರಿಣಾಮ ನೀರಿನ ಮೇಲೆಯೇ. ಸತ್ತ ಮೀನು ತೇಲಿದಾಗ, ನೀರಿನ ಬಣ್ಣ ಬದಲಾದಾಗ ಮೊದಲು ಫೋನ್ ಮಾಡುವವರಲ್ಲಿ ಗಾಳದವರು ಮುಂದು. ಮೀನಿನ ಹಕ್ಕಿರುವ ಕ್ಲಬ್‌ಗಳ ಪರವಾಗಿ ಮಾಲಿನ್ಯ ಮಾಡಿದವರ ಮೇಲೆ ದಾವೆ ಹೂಡುವ ಫಿಶ್ ಲೀಗಲ್ ಎಂಬ ಸಂಸ್ಥೆಯಿದೆ. ಗುತ್ತಿಗೆ ಬಿಟ್ಟ ಕ್ಲಬ್‌ಗೆ ಆ ನೀರಿನಲ್ಲಿ ಆದ ಹಾನಿಗೆ ಪರಿಹಾರ ಕೇಳುವ ಹಕ್ಕೂ ಹೋಗುತ್ತದೆ.

ಇನ್ನೊಂದು ಪರಿಣಾಮ ನೇರವಾಗಿ ದೋಣಿಯವರ ಮೇಲೆ. ಕ್ಲಬ್ ಹೋದ ಮಾತ್ರಕ್ಕೆ ಗಾಳ ಹಾಕುವುದು ನಿಲ್ಲುವುದಿಲ್ಲ. ಪರವಾನಗಿ ಕೊಂಡ ಒಂಟಿ ಗಾಳದವರು ಬರುತ್ತಾರೆ, ಕೊಳ್ಳದವರೂ ಬರುತ್ತಾರೆ. ಅವರಿಗೆ ಪೆಗ್ ಪಟ್ಟಿ ಇರುವುದಿಲ್ಲ, ದಂಡೆ ಸುತ್ತುವ ಕ್ಲಬ್ ಕಾವಲುಗಾರ ಇರುವುದಿಲ್ಲ, ತಪ್ಪು ಮಾಡಿದರೆ ಸದಸ್ಯತ್ವ ಕಿತ್ತುಕೊಳ್ಳುವ ಕಾರ್ಯದರ್ಶಿ ಇರುವುದಿಲ್ಲ. ಕಿಟಕಿ ಒಡೆದ ಸಂಜೆ ದೋಣಿಯವನಿಗೆ ದೂರು ಕೊಡಲು ಇಲ್ಲಿಯವರೆಗೆ ಒಂದು ಕ್ಲಬ್‌ನ ಹೆಸರಾದರೂ ಸಿಗುತ್ತಿತ್ತು.